ಒಂದು ಗೇಣು ಹೆಚ್ಚಾಯ್ತಲ್ಲ!

ಮಲೆನಾಡಿನ ಯಾವ ಊರಿಗೆ ಹೋದರೂ ಒಬ್ಬ ಸೌದೆಮಾವ ಸಿಗುತ್ತಾರೆ. ನಮ್ಮೂರಿನವರು ಸಂಬಂಧದಲ್ಲೂ ನನಗೆ ಮಾವ. ನೆಂಟರ ಮನೆಗೆ ಹೋದರೆ ಉಳಿದವರು ಜಗಲಿ ಹತ್ತುತ್ತಾರೆ, ಇವರು ನೇರ ಹಿತ್ತಿಲಿಗೆ. ಸೌದೆ ಕೊಟ್ಟಿಗೆ ನೋಡಿ ಬಂದ ಮೇಲೇ ಕಾಲು ತೊಳೆಯುವುದು. ಅಣ್ಣನ ಮಗಳಿಗೆ ಬಂದ ಸಂಬಂಧವೊಂದನ್ನು ಬೇಡವೆಂದದ್ದೂ ಹೀಗೇ. “ಹುಡುಗ ಇಂಜಿನಿಯರ್ ಇರಬಹುದು ಮಾರಾಯ, ಬಚ್ಚಲ ಸೌದೆ, ಅಡುಗೆ ಸೌದೆ ಎರಡನ್ನೂ ಒಂದೇ ಕಡೆ ಒಟ್ಟಿದಾರೆ!”

ಮಾವನ ಅಳತೆಗೋಲು ಮನುಷ್ಯನ ಮೈ. ಅಡುಗೆ ಒಲೆಗೆ ಮೊಳದುದ್ದ, ಮಣಿಕಟ್ಟಿನ ದಪ್ಪ. ಹಂಡೆ ಒಲೆಗೆ ಎರಡು ಮೊಳ, ಮೀನಖಂಡದ ದಪ್ಪ. ಅಡಿಕೆ ಬೇಯಿಸುವ ಒಲೆಗೆ ತೊಡೆಯಷ್ಟು ದಪ್ಪದ ಕುಂಟೆ. “ಯಾರ ತೊಡೆ ಮಾವ?” ಎಂದು ಒಮ್ಮೆ ಕೇಳಿದ್ದೆ. ತಮ್ಮ ಕಡ್ಡಿಕಾಲನ್ನು ನೋಡಿಕೊಂಡು, ಸ್ವಲ್ಪ ಯೋಚಿಸಿ, “ನಿಮ್ಮತ್ತೆಯ ಅಪ್ಪಂದು” ಎಂದರು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರದ ಒಲೆ ಹಳ್ಳಿಗೆ ಬಂದಾಗ ಅತ್ತೆಗೆ ಹೊಗೆ ತಪ್ಪಿದ ಖುಷಿ. ಮಾವನಿಗೆ ಬೇರೆಯದೇ ಖುಷಿ: ಅದರ ಬಾಯಿ ಸಣ್ಣದು, ಸಣ್ಣ ಸೀಳೇ ಆಗಬೇಕು! ಕಲಿಸಲು ಹೊಸದೊಂದು ಅಳತೆ ಸಿಕ್ಕಿತ್ತು.

ಸೌದೆ ಒಡೆಯಲು ಬರುವ ಆಳಿನ ಪಕ್ಕ ಕುರ್ಚಿ ಹಾಕಿ ಕೂರುತ್ತಾರೆ. “ಒಂದು ಗೇಣು ಹೆಚ್ಚಾಯ್ತಲ್ಲ! ಹೊರಗೆ ಚಾಚಿಕೊಂಡಿರೋದು ಒಲೆಗೂ ಅಲ್ಲ, ಮನೆಗೂ ಅಲ್ಲ, ಕಾಲಿಗೆ ಎಡವೋಕೆ.” ಆತ ಬೆಣೆ ಹೊಡೆಯುತ್ತಲೇ, “ಗಂಟಿದೆ ಅಯ್ಯಾ. ನಾನು ನಿಮ್ಮ ಮಾತು ಕೇಳ್ತೀನಿ, ಮರ ಕೇಳಲ್ಲ” ಎನ್ನುತ್ತಾನೆ.

ಆದರೂ ಮಾವ ಹೇಳುವುದು ಸುಳ್ಳಲ್ಲ, ಅದೇ ತೊಂದರೆ. ಹಸಿ ಮರದ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರು. ಅದು ಆವಿಯಾಗಿ ಹೋಗುವವರೆಗೆ ಹಂಡೆಯ ನೀರು ಬಿಸಿಯಾಗುವ ಮಾತೇ ಇಲ್ಲ. ಸೀಳಿದರೆ ಗಾಳಿ ತಾಗುವ ಮೈ ಹೆಚ್ಚುತ್ತದೆ, ಬೇಗ ಒಣಗುತ್ತದೆ, ಬೇಗ ಹತ್ತುತ್ತದೆ. ಹಾಗಂತ ಬಚ್ಚಲೊಲೆಗೆ ಬರೀ ಪುರಲೆ ತುಂಬಿದರೆ ಭಗ್ಗೆಂದು ಉರಿದು, ಮೈಗೆ ಸೋಪು ಹಚ್ಚುವಷ್ಟರಲ್ಲಿ ಬೂದಿ. ಆಷಾಢದ ಮಳೆಯಲ್ಲಿ, ಸೋಪಿನ ಮೈಯಲ್ಲಿ ಗಡಗಡ ನಡುಗಿದವರಿಗೆ ಮಾತ್ರ ಮೀನಖಂಡದ ಮಹಿಮೆ ಗೊತ್ತು. ನಾನೂ ನಡುಗಿದವನೇ.

ಮೊನ್ನೆ ಪಕ್ಕದ ತೋಟದ ಹೋಂಸ್ಟೇಗೆ ಬೆಂಗಳೂರಿನ ಹುಡುಗರು ಬಂದಿದ್ದರು. ಕ್ಯಾಂಪ್ ಫೈರ್ ಅಂತೆ. ಅಂಗಳದ ನಡುವೆ ಮೂರು ಕುಂಟೆ ಇಟ್ಟು ಡೀಸೆಲ್ ಸುರಿದು ಕಡ್ಡಿ ಗೀರಿದರು. ಡೀಸೆಲ್ ಉರಿಯಿತು, ಕುಂಟೆ ಉರಿಯಲಿಲ್ಲ. ವಾಸನೆ ನಮ್ಮ ಜಗಲಿಗೆ ಬಂದದ್ದೇ ತಡ, ಮಾವ ಟಾರ್ಚು, ಕೊಡಲಿ ಹಿಡಿದು ಬೇಲಿ ದಾಟಿದರು. ಕತ್ತಲಲ್ಲಿ ಕೊಡಲಿ ಹಿಡಿದು ಬಂದ ಮುದುಕನನ್ನು ಕಂಡು ಹುಡುಗರು ಕೈಮುಗಿದರಂತೆ. “ಒಲೆಗಾದರೆ ಗೋಡೆ ಇದೆ, ಬಯಲ ಬೆಂಕಿಗೆ ಯಾರಿದ್ದಾರೆ? ಕೆಳಗೆ ಪುರಲೆ, ಮೇಲೆ ಬೆರಳುದಪ್ಪ, ಆಮೇಲೆ ಸೀಳು, ಕುಂಟೆ ಕೊನೆಗೆ!” ಒಂದೂವರೆ ಗಂಟೆ ಪಾಠ, ಜೊತೆಗೆ ಪ್ರಯೋಗ. ಹುಡುಗರು ವಿಡಿಯೋ ಮಾಡಿಕೊಂಡರು, ಆಕಳಿಸಿದರು, ಒಬ್ಬೊಬ್ಬರಾಗಿ ಎದ್ದು ಮಲಗಲು ಹೋದರು. ಕುಂಟೆ ಹತ್ತಿ ನಿಗಿನಿಗಿ ಕೆಂಡವಾದಾಗ ಅದರ ಮುಂದೆ ಮಾವನೊಬ್ಬರೇ.

ಕಳೆದ ತಿಂಗಳು ಮಗನ ಫ್ಲ್ಯಾಟಿಗೆ ಹೋಗಿದ್ದರು. ಗ್ಯಾಸು, ಗೀಸರು, ಅಳೆಯಲು ಏನೂ ಇಲ್ಲ. ಎರಡು ದಿನ ಮಂಕಾಗಿ ಕೂತಿದ್ದರಂತೆ. ಮೂರನೆಯ ದಿನ ಸೊಸೆ ಸಾರಿಗೆಂದು ನುಗ್ಗೆಕಾಯಿ ಹೆಚ್ಚುತ್ತಿದ್ದಳು. ಮಾವ ಬಂದು ಒಂದು ತುಂಡು ಎತ್ತಿ, ಬೆಳಕಿಗೆ ಹಿಡಿದು, ಅಂಗೈ ಬಿಡಿಸಿ ಪಕ್ಕಕ್ಕಿಟ್ಟು ನೋಡಿದರು.

“ತಂಗೀ, ಚೂರಿ ಇಲ್ಲಿ ಕೊಡು.”