ಹಡಗಿನ ಟಿಕೆಟ್ಟು, ಮೇಲುಖರ್ಚು

ಅಮೆರಿಕದ ಫ್ಲಾರಿಡಾದಿಂದ ಹೊರಡುವ ಕೌಟುಂಬಿಕ ವಿಹಾರ ಹಡಗುಗಳಲ್ಲಿ ಸಾಮಾನ್ಯವಾಗಿ ಕಾರ್ನಿವಲ್, ಎಂಎಸ್‌ಸಿ ಅಗ್ಗ, ರಾಯಲ್ ಕೆರಿಬಿಯನ್ ನಡುವಿನದು, ಡಿಸ್ನಿ ದುಬಾರಿ. ಜಾಹೀರಾತಿನ ದರ ಮಾತ್ರ ಮದುವೆ ಗಂಡಿನ ಸಂಬಳದ ಹಾಗೆ: ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಒಂದು ಕೋಣೆಗೆ ಇಬ್ಬರಂತೆ ಹಿಡಿದ ತಲೆಲೆಕ್ಕ ಅದು. ಭಕ್ಷೀಸು ದಿನಕ್ಕೆ ತಲೆಗಿಷ್ಟು ಎಂದು ಬೇರೆ. ಮೂರು ವರ್ಷದ ಪೋರನ ಹೆಸರಿನಲ್ಲೂ ಅದು ಬೀಳುವುದುಂಟು.

ಅಸಲಿ ಆಟ ಇರುವುದು ಲೋಟದಲ್ಲಿ. ಕಾರ್ನಿವಲ್, ರಾಯಲ್ ಕೆರಿಬಿಯನ್ನುಗಳಲ್ಲಿ ನೀರು, ಸಾದಾ ಕಾಫಿ ಬಿಟ್ಟಿ, ಸೋಡಾಕ್ಕೆ ಕಾಸು. ಮದ್ಯದ ಪ್ಯಾಕೇಜನ್ನು ಕೋಣೆಯ ಒಬ್ಬ ವಯಸ್ಕ ಕೊಂಡರೆ ಉಳಿದ ವಯಸ್ಕರೂ ಕೊಳ್ಳಬೇಕೆಂಬುದು ನಿಯಮ. ಗಂಡನ ಬಾಯಾರಿಕೆಗೆ ಹೆಂಡತಿಯ ತಲೆಯ ಮೇಲೂ ಬಿಲ್ಲು! ಡಿಸ್ನಿಯಲ್ಲಿ ಊಟದ ಜೊತೆ ಸೋಡಾ ಪುಕ್ಕಟೆ, ಆದರೆ ಅದರ ಬೆಲೆ ಟಿಕೆಟ್ಟಿನಲ್ಲೇ ಕರಗಿರುತ್ತದೆ.

ಹಾಗೆಂದು ಡಿಸ್ನಿಯದು ಬರೀ ಮಿಕ್ಕಿ ಮೌಸ್ ಮೋಹವಲ್ಲ. 1998ರಿಂದ ಓಡುತ್ತಿರುವ ಅದರ ಹಡಗುಗಳ ಅನೇಕ ಕೋಣೆಗಳಲ್ಲಿ ಶೌಚಕ್ಕೊಂದು, ಸ್ನಾನಕ್ಕೊಂದು ಬಾಗಿಲು. ಬೆಳಿಗ್ಗೆ ನಾಲ್ವರು ಒಟ್ಟಿಗೆ ತಯಾರಾಗುವ ಮನೆಯವರಿಗೆ ಇದರ ಬೆಲೆ ಗೊತ್ತು. ರಾತ್ರಿಯೂಟಕ್ಕೆ ಹಡಗಿನೊಳಗಿನ ರೆಸ್ಟೋರೆಂಟು ಬದಲಾದರೂ ಬಡಿಸುವವರು ಅವರೇ. 2024ರಲ್ಲಿ ಮಯಾಮಿಯಿಂದ ಹೊರಟ ರಾಯಲ್ ಕೆರಿಬಿಯನ್‌ನ ‘ಐಕಾನ್ ಆಫ್ ದಿ ಸೀಸ್’ನಲ್ಲಿ ಆರು ನೀರುಜಾರುಬಂಡೆಗಳಿವೆ; ಹದಿಹರೆಯದವರಿಗೆ ಕಾಸಿಗೆ ತಕ್ಕ ಕಜ್ಜಾಯ ಇಲ್ಲೇ.

ದರ ಇಳಿಯುವುದು ಸೆಪ್ಟೆಂಬರಿನಲ್ಲಿ. ಆಗ ಶಾಲೆಯೂ ಶುರುವಾಗಿರುತ್ತದೆ, ಚಂಡಮಾರುತಗಳೂ.