ಏನೂ ಇಲ್ಲ ಡಾಕ್ಟ್ರೇ!

ನಮ್ಮ ಸೋದರಮಾವ ನಿವೃತ್ತ ಹೆಡ್‌ಮಾಸ್ತರರು. ಬಸ್ಸಿನಲ್ಲಿ ಪಕ್ಕ ಕೂತ ಅಪರಿಚಿತನಿಗೆ ತಮ್ಮ ಮೂಲವ್ಯಾಧಿಯ ಚರಿತ್ರೆಯನ್ನು ಮೈಸೂರಿನಿಂದ ಮದ್ದೂರಿನವರೆಗೂ ಎಳೆಯಬಲ್ಲರು. ಆದರೆ ಡಾಕ್ಟರ ಮುಂದೆ ಕೂತರೆ ಬಾಯಿಗೆ ಬರುವುದು ಒಂದೇ ಮಾತು: "ಏನೂ ಇಲ್ಲ."

ಮೊನ್ನೆ ಕಾಲು ಊದಿತು. ಬೆರಳಿಟ್ಟು ಒತ್ತಿದರೆ ಚಪಾತಿ ಹಿಟ್ಟಿನಂತೆ ಗುಳಿ ಹಾಗೇ ನಿಲ್ಲುತ್ತಿತ್ತು. ಮಾವ ಮಾತ್ರ ಚಪ್ಪಲಿ ಚಿಕ್ಕದು ಕೊಟ್ಟಿದ್ದಾನೆಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋಗಿದ್ದರು. ಕೊನೆಗೆ ಅತ್ತೆ, ನಾನು ಸೇರಿ ಆಸ್ಪತ್ರೆಗೆ ಹೊರಡಿಸಿದೆವು.

"ಫ್ಯೂರೋಸೆಮೈಡ್ ಅಂತ ನೀರಿನ ಮಾತ್ರೆ ಬರೀಬೇಕು ಅಂತಿದ್ದೀನಿ. ಸಲ್ಫಾ ಮಾತ್ರೆ ನಿಮಗೆ ಆಗಿಬರುತ್ತಾ ಸಾರ್?"

"ಏನೂ ತೊಂದರೆ ಇಲ್ಲ."

ಅತ್ತೆ ಕೆಮ್ಮಿದರು. "ನಮ್ಮ ಗೃಹಪ್ರವೇಶದ ವರ್ಷ ಮೈಯೆಲ್ಲ ದದ್ದು ಎದ್ದಿತ್ತಲ್ಲ, ಅದ್ಯಾವ ಮಾತ್ರೆಗೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. ಸಲ್ಫಾ ಮಾತ್ರೆ, ಈ ನೀರಿನ ಮಾತ್ರೆ ಎರಡೂ ದೂರದ ನೆಂಟರಂತೆ. ಎಲ್ಲರಿಗೂ ತೊಂದರೆ ಆಗುವುದಿಲ್ಲ, ಆದರೆ ಮೊದಲೇ ಗೊತ್ತಿರಬೇಕಂತೆ.

"ಗೌಟು? ಹೆಬ್ಬೆರಳು ನೋವು?"

"ಏನೂ ಇಲ್ಲ." ಮೇಜಿನಡಿ ಹೆಬ್ಬೆರಳು ಹಿಂದೆ ಸರಿಯಿತು. ಯೂರಿಕ್ ಆಮ್ಲ ಏರಿಸುವ ಮಾತ್ರೆಯ ಹೆಸರು ಕೇಳಿಯೇ ಅದಕ್ಕೆ ಭಯವಾಗಿರಬೇಕು.

"ಬೇರೆ ಮಾತ್ರೆ?"

"ಛೇ ಛೇ."

ಅತ್ತೆ ಮಾತಾಡಲಿಲ್ಲ. ಬಟ್ಟೆ ಚೀಲವನ್ನು ಮೇಜಿನ ಮೇಲೆ ಬೋರಲು ಹಾಕಿದರು. ಬಿಪಿ ಮಾತ್ರೆ. ಮಂಡಿನೋವಿನ ಐಬುಪ್ರೊಫೆನ್, ಅರ್ಧ ಖಾಲಿಯಾದ ಪಟ್ಟಿ. ಹಾರ್ಲಿಕ್ಸ್ ಬಾಟಲಿಯಲ್ಲಿ ಯಾರೋ ಕೊಟ್ಟ ಕಷಾಯದ ಪುಡಿ. ಷಷ್ಟಿಪೂರ್ತಿಯ ಉಡುಗೊರೆಗಳನ್ನೂ ನಾನು ಅಷ್ಟು ವಿವರವಾಗಿ ನೋಡಿರಲಿಲ್ಲ.

ಡಾಕ್ಟರು ಮೊದಲು ಎತ್ತಿಕೊಂಡದ್ದು ಆ ಮಂಡಿನೋವಿನ ಪಟ್ಟಿಯನ್ನೇ. ಅದು ನೀರಿನ ಮಾತ್ರೆಯ ಕೆಲಸ ಕೆಡಿಸುತ್ತದೆ. ಬಿಪಿ ಮಾತ್ರೆಯೂ ಜೊತೆಗೂಡಿದರೆ ಮೂರೂ ಸೇರಿ ಮೂತ್ರಪಿಂಡದ ಮೇಲೆ ಬೀಳುತ್ತವೆ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಆಗದೆ ಚೀಟಿ ಇಲ್ಲ ಎಂದರು.

"ಪೊಟ್ಯಾಸಿಯಂಗೆ ದಿನಾ ಎರಡು ಎಳನೀರು ಕುಡಿದರಾಯ್ತು," ಮಾವನಿಗೆ ಈಗ ಮಾತು ಬಂತು.

"ಈ ಮಾತ್ರೆ ಪೊಟ್ಯಾಸಿಯಂ ಹೊರಗೆ ಹಾಕುತ್ತೆ. ಸ್ಪೈರೊನೊಲ್ಯಾಕ್ಟೋನ್ ಅಂತ ಇನ್ನೊಂದಿದೆ, ಅದು ಹಿಡಿದಿಟ್ಟುಕೊಳ್ಳುತ್ತೆ. ನಿಮ್ಮ ಬಿಪಿ ಮಾತ್ರೆಯೂ ಅದೇ ಜಾತಿ. ರಕ್ತ ನೋಡದೆ ಎಳನೀರು ಬೇಡ ಸಾರ್."

ಸಂಜೆ ವರದಿ ನೋಡಿ, ಐಬುಪ್ರೊಫೆನ್ ಬಿಡಿಸಿ, ಸಣ್ಣ ಪ್ರಮಾಣದಲ್ಲಿ ಶುರುಮಾಡಿದರು. ಮಾವ ರಾತ್ರಿ ಊಟವಾದ ಮೇಲೆ ನುಂಗುವ ಯೋಚನೆಯಲ್ಲಿದ್ದರು. ಒಂದು ಗಂಟೆಯೊಳಗೆ ಶುರುವಾಗಿ ಸುಮಾರು 6 ಗಂಟೆ ಕೆಲಸ ಮಾಡುವ ಮಾತ್ರೆಯದು! ಬೆಳಿಗ್ಗೆಯೇ ತೆಗೆದುಕೊಳ್ಳಿ, ಹಾಸಿಗೆಯಿಂದ ನಿಧಾನವಾಗಿ ಏಳಿ, ದಿನಾ ತೂಕ ಬರೆದಿಡಿ, ವಾಂತಿಭೇದಿಯಾದರೆ ತಕ್ಷಣ ಫೋನ್ ಮಾಡಿ ಎಂದು ಡಾಕ್ಟರು ಹೇಳಿದ್ದನ್ನೆಲ್ಲ ಅತ್ತೆ ಹಾಲಿನ ಲೆಕ್ಕದ ಪುಸ್ತಕದ ಹಿಂದೆ ಗೀಚಿಕೊಂಡರು.

ಹೊರಗೆ ಬಂದಾಗ ಪರಿಚಯದವರೊಬ್ಬರು, "ಏನ್ ಮೇಷ್ಟ್ರೇ, ಆಸ್ಪತ್ರೆ ಕಡೆ?" ಎಂದರು.

"ಏನೂ ಇಲ್ಲ, ಇವಳಿಗೆ ಸ್ವಲ್ಪ ಕಾಲು ಊತ."

ಮುಂದಿನ ವಾರ ಮತ್ತೆ ರಕ್ತಪರೀಕ್ಷೆ ಇದೆ. ಚೀಲ ಅತ್ತೆಯ ಕೈಯಲ್ಲೇ ಇರುತ್ತದೆ.