ಒಣನಾಡಿನ ಕರಾವಳಿ ಮತ್ತು ಬಸ್ಸಿಳಿದು ಹೊಗುವ ಕಾಡು: ಒಂದು ಶಾಸ್ತ್ರೀಯ ವಿವೇಚನೆ

ಚಿತ್ರದುರ್ಗ ಜಿಲ್ಲೆಗೆ ಕಡಲಿಲ್ಲ ಎಂಬ ಅಪವಾದ ಬಹುಕಾಲದಿಂದ ಚಾಲ್ತಿಯಲ್ಲಿದೆ. ಭೂಗೋಳದ ಪಠ್ಯಪುಸ್ತಕವೂ, ಮೇ ತಿಂಗಳ ಮಧ್ಯಾಹ್ನ ದುರ್ಗದ ಬಸ್ ನಿಲ್ದಾಣದಲ್ಲಿ ನಿಂತವನ ನಾಲಗೆಯೂ ಇದನ್ನು ಅನುಮೋದಿಸುತ್ತವೆ. ನಕ್ಷೆಯ ಮೇಲೆ ನೆಟ್ಟಗೆ ಗೆರೆ ಎಳೆದರೂ ಅರಬ್ಬಿ ಸಮುದ್ರ ಸುಮಾರು ಇನ್ನೂರು ಕಿಲೋಮೀಟರ್ ದೂರ. ಕಾಡಿನ ವಿಷಯಕ್ಕೆ ಬಂದರೆ, ‘ಜಾಲಿ ಬಿಟ್ಟು ನಿಮ್ಮಲ್ಲಿ ಇನ್ನೇನಿದೆ?’ ಎಂದು ಮಲೆನಾಡಿನ ಬೀಗರು ಕೇಳುವುದುಂಟು. ಈ ಎರಡೂ ಪೂರ್ವಪಕ್ಷಗಳನ್ನು ಖಂಡಿಸಿ, ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ತಾಲ್ಲೂಕುಗಳಲ್ಲಿ ಕಾಡುನಡಿಗೆಯೂ ಕಡಲತಡಿಯ ನಡಿಗೆಯೂ ಬರೀ ಬಸ್ ಚಾರ್ಜಿನಲ್ಲಿ ದೊರೆಯುತ್ತವೆಂದು ಸ್ಥಾಪಿಸುವುದು ಪ್ರಸ್ತುತ ಪ್ರಬಂಧದ ಗುರಿ. ಆಕರಗಳು ಮೂರು: ಶಿಲೆ, ಶಾಸನ, ಕಂಡಕ್ಟರು. ಇವು ಪರಸ್ಪರ ವಿರೋಧಿಸಿದಲ್ಲಿ ಕಂಡಕ್ಟರ ಮಾತನ್ನೇ ಪ್ರಮಾಣವಾಗಿ ಹಿಡಿದಿದೆ. ಏಕೆಂದರೆ ಮೊದಲೆರಡಕ್ಕೆ ನಮ್ಮನ್ನು ನಡುದಾರಿಯಲ್ಲಿ ಇಳಿಸುವ ಅಧಿಕಾರವಿಲ್ಲ.

ದುರ್ಗದಿಂದ ಹಿರಿಯೂರಿನ ಕಡೆ ಹೊರಟರೆ ಐಮಂಗಲದ ಆಸುಪಾಸಿನಲ್ಲಿ ಮಾರಡಿಹಳ್ಳಿ ಇದೆ. ಅಲ್ಲಿನ ಬಂಡೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಹೆಸರು ದಿಂಬು ಲಾವಾ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಲಾವಾ ಉಕ್ಕಿತು. ನೀರು ಸೋಕಿದ ಕೂಡಲೇ ಮೇಲಿನ ಪದರ ಹೆಪ್ಪುಗಟ್ಟಿತು, ಒಳಗಿನದು ಇನ್ನೂ ಕುದಿಯುತ್ತಲೇ ಇತ್ತು. ಹಾಗಾಗಿ ಉಬ್ಬಿ, ಉರುಳಿ, ಒಂದರ ಮೇಲೊಂದು ದಿಂಬುಗಳಾಗಿ ಒಟ್ಟಿಕೊಂಡಿತು. ನೀರಿಲ್ಲದೆ ಈ ಆಕಾರ ಬರುವುದಿಲ್ಲ. ಆದ್ದರಿಂದ ಇಲ್ಲಿ ಕಡಲಿತ್ತು ಎಂಬುದು ನಿರ್ವಿವಾದ. ಇಲ್ಲ ಎನ್ನುವವರು ತಡವಾಗಿ ಬಂದವರಷ್ಟೇ. ಪ್ರಬಂಧಕಾರನು ತಲುಪುವಷ್ಟರಲ್ಲಿಯೂ ನೀರು ಇಳಿದಿತ್ತು. ಎಕ್ಸ್‌ಪ್ರೆಸ್ ಬಸ್ಸುಗಳು ಇಷ್ಟು ದೊಡ್ಡ ಸಮುದ್ರವನ್ನು ಗಮನಿಸದೆ ಹೆದ್ದಾರಿಯಲ್ಲಿ ದಾಟಿಹೋಗುತ್ತವಾದ್ದರಿಂದ ಸಂಶೋಧಕರು ಸಾದಾ ಬಸ್ಸನ್ನೇ ನೆಚ್ಚತಕ್ಕದ್ದು. ದಿಂಬುಗಳು ಯಾರವು ಎಂಬ ಬಗ್ಗೆ ಮಾತ್ರ ಭಿನ್ನಮತವಿದೆ. ಆ ಸಾದಾ ಬಸ್ಸಿಗೆ ಕಾಯುತ್ತ ಮಲಗಿದವರವು ಎಂಬುದು ನಮ್ಮ ಊಹೆ. ಕಾಲಗಣನೆ ಇದಕ್ಕೆ ಅಡ್ಡಿಯಾಗದು.

ಇನ್ನು ಶಾಸನ. ದುರ್ಗದ ಮಗ್ಗುಲಲ್ಲೇ ಇರುವ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನು ಕೆರೆ ಮಾಡಿಸಿದ ವಿಷಯ ಕೆತ್ತಿದೆ. ಕರಾವಳಿ ಅಭಿವೃದ್ಧಿಗೆ ಈ ಜಿಲ್ಲೆಯಲ್ಲಿ ಆದ ಮೊದಲ ಖರ್ಚು ಇದೇ ಇರಬೇಕು. ಸವೆದ ಅಕ್ಷರಗಳ ಪಾಠ ಹೀಗೋ ಹಾಗೋ ಎಂದು ವಿದ್ವಾಂಸರು ವಾದಿಸುತ್ತಲೇ ಬಂದಿದ್ದಾರೆ. ಆದರೆ ಅರ್ಧ ಅಳಿಸಿದ ಬೋರ್ಡನ್ನು ಓಡುವ ಬಸ್ಸಿನ ಮೇಲೆ ಓದಬಲ್ಲ ನಮ್ಮ ಜನಕ್ಕೆ ನಿಂತ ಬಂಡೆ ಯಾವ ಲೆಕ್ಕ? 1947ರಲ್ಲಿ ಮಾರ್ಟಿಮರ್ ವೀಲರ್ ಇಲ್ಲಿ ಅಗೆಸಿದಾಗ ರೋಮಿನ ಚಕ್ರವರ್ತಿ ಟಿಬೀರಿಯಸ್‌ನ ಬೆಳ್ಳಿ ನಾಣ್ಯಗಳು ಸಿಕ್ಕವು. ಕಡಲಾಚೆಯ ವ್ಯಾಪಾರ ಇಲ್ಲಿಯವರೆಗೆ ತಲುಪಿತ್ತೆಂದು ಪುರಾತತ್ತ್ವಜ್ಞರು ಹೇಳಿ ಸುಮ್ಮನಾದರು. ನಾಣ್ಯಗಳು ಇಲ್ಲೇ ಉಳಿದದ್ದೇಕೆ ಎಂದು ಕೇಳಲಿಲ್ಲ. ಟಿಕೆಟಿನ ಹಿಂದೆ ಬರೆದುಕೊಟ್ಟ ಬಾಕಿ ಚಿಲ್ಲರೆಯನ್ನು ಇಸಿದುಕೊಳ್ಳಲು ಮರೆತು ಇಳಿದುಹೋದ ಅನುಭವವಿರುವ ಯಾರಿಗಾದರೂ ಉತ್ತರ ತಾನಾಗಿ ಹೊಳೆಯುತ್ತದೆ. ಇರಲಿ. ಭೀಮಸಮುದ್ರ ಎಂದು ಸ್ಪಷ್ಟವಾಗಿ ಬೋರ್ಡು ಹಾಕಿಕೊಂಡ ಬಸ್ಸು ದುರ್ಗದಿಂದಲೇ ಹೊರಡುತ್ತಿರುವಾಗ ಮಂಗಳೂರಿಗೆ ಟಿಕೆಟ್ ತೆಗೆಯುವವನು ದುಂದುಗಾರನೇ ಸರಿ. ಇಳಿದ ಮೇಲೆ ಅಲೆಗಿಂತ ಅಡಿಕೆ ಮಂಡಿಗಳೇ ಮೊದಲು ಕಣ್ಣಿಗೆ ಬೀಳುತ್ತವೆ ಎಂಬುದು ಬೇರೆ ಮಾತು.

ಸಮಕಾಲೀನ ಕರಾವಳಿ ಎಂದರೆ ವಾಣಿವಿಲಾಸ ಸಾಗರ, ಹಳಬರ ಬಾಯಲ್ಲಿ ಮಾರಿಕಣಿವೆ. ಹಿರಿಯೂರಿನಿಂದ ಸುಮಾರು 20 ಕಿಲೋಮೀಟರ್. ಎರಡು ಗುಡ್ಡಗಳ ನಡುವೆ ವೇದಾವತಿಗೆ ಅಡ್ಡಲಾಗಿ ಮೈಸೂರು ಸಂಸ್ಥಾನದವರು ಕಟ್ಟಿದ ಅಣೆಕಟ್ಟು 1907ರಲ್ಲಿ ಮುಗಿಯಿತು. ರೀಜೆಂಟರಾಗಿದ್ದ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರ ಹೆಸರು ಅದಕ್ಕೆ. ಕಡಲೆಂದ ಮೇಲೆ ಭರತ, ಇಳಿತ ಇರಬೇಕಷ್ಟೆ? ಇಲ್ಲಿ ಅವೂ ಇವೆ, ತುಸು ನಿಧಾನ. 130 ಅಡಿ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ. ಮತ್ತೆ ಬಿದ್ದದ್ದು 2022ರಲ್ಲಿ. ನಡುವಿನದು 89 ವರ್ಷದ ಇಳಿತ. ಆಮೇಲೆ 2025ರ ಜನವರಿಯಲ್ಲೇ ಇನ್ನೊಂದು ಭರತ. ಮೊದಲ ಅಂತರ 89 ವರ್ಷ, ಎರಡನೆಯದು ಎರಡು ವರ್ಷ ಚಿಲ್ಲರೆ. ಸರಾಸರಿ ತೆಗೆದರೆ ಸುಮಾರು 46 ವರ್ಷಕ್ಕೊಂದು ಭರತವೆಂಬ ಅಚ್ಚುಕಟ್ಟಾದ ನಿಯಮ ಸಿಗುತ್ತದೆ. ಇದನ್ನು ಮಳೆ ಪಾಲಿಸದಿದ್ದರೆ ತಪ್ಪು ಮಳೆಯದು. ಭರತಕ್ಕೆ ಚಂದ್ರನೇ ಕಾರಣವೆಂಬ ಹಳೆಯ ನಂಬಿಕೆಯೂ ಇಲ್ಲಿ ನಿಲ್ಲುವುದಿಲ್ಲ. 2019ರಿಂದ ಭದ್ರೆಯ ನೀರನ್ನು ಎತ್ತಿ ಈ ಕಡೆ ಹರಿಸುತ್ತಿದ್ದಾರಾದ್ದರಿಂದ, ಹಿರಿಯೂರಿನ ಕಡಲಿನ ಚಂದ್ರ ಇರುವುದು ಭದ್ರಾ ಮೇಲ್ದಂಡೆ ಯೋಜನೆಯ ಪಂಪ್‌ಹೌಸಿನಲ್ಲಿ. ಕರೆಂಟು ಹೋದರೆ ಅಮಾವಾಸ್ಯೆ.

ಗುಡ್ಡದ ಮೇಲಿನಿಂದ ನೋಡಿದರೆ ಹಿನ್ನೀರು ಭಾರತದ ನಕ್ಷೆಯಂತೆ ಕಾಣುತ್ತದೆಂದು ಜನ ಫೋಟೊ ತೆಗೆದುಕೊಳ್ಳುತ್ತಾರೆ. ಅದರ ತಾರ್ಕಿಕ ಪರಿಣಾಮವನ್ನು ಯಾರೂ ಯೋಚಿಸಿದಂತಿಲ್ಲ. ನೀರಿರುವ ಕಡೆ ದೇಶವಾದರೆ ನೆಲವಿರುವ ಕಡೆ ಸಮುದ್ರವಾಗಲೇಬೇಕು. ಆ ಲೆಕ್ಕದಲ್ಲಿ ಹಿರಿಯೂರು ಬಂಗಾಳ ಕೊಲ್ಲಿಯಲ್ಲಿದೆ, ಹೊಸದುರ್ಗ ಅರಬ್ಬಿ ಸಮುದ್ರದಲ್ಲಿದೆ, ಎರಡರ ನಡುವೆ ಓಡಾಡುವ ಬಸ್ಸು ವಾಸ್ತವವಾಗಿ ಹಡಗು. ಮುಂಗಾರಿನಲ್ಲಿ ಕಿಟಕಿಯ ಪಕ್ಕ ಕುಳಿತವರು ಈ ಸಿದ್ಧಾಂತವನ್ನು ಬಲು ಬೇಗ ಒಪ್ಪುತ್ತಾರೆ. ಹೊಸದುರ್ಗ ಕಡಲ ಪಕ್ಕದಲ್ಲೇ ಇದೆ ಎಂಬ ಇನ್ನೊಂದು ವಾದವೂ ಉಂಟು. ಕಾಸರಗೋಡು ಸೀಮೆಯಲ್ಲಿ ಕೆಳದಿ ನಾಯಕರು ಕೋಟೆ ಕಟ್ಟಿಸಿದ ಊರಿಗೂ ಅದೇ ಹೆಸರಿರುವುದು ಇದಕ್ಕೆ ಆಧಾರ. ಹತ್ತುವ ಮುನ್ನ ‘ಇದು ಯಾವ ಹೊಸದುರ್ಗ?’ ಎಂದು ಕೇಳಿಕೊಳ್ಳುವುದು ಕ್ಷೇಮ. ಕಂಡಕ್ಟರು ಉತ್ತರ ಕೊಡುವುದಿಲ್ಲ, ಮೇಲಿಂದ ಕೆಳಗೆ ಒಮ್ಮೆ ನೋಡುತ್ತಾರೆ.

ಹೊಳಲ್ಕೆರೆಯ ಬಗ್ಗೆ ಉದ್ದ ಬರೆಯಬೇಕಿಲ್ಲ. ಬಯಲು ಗಣಪತಿಗೆ ಕೈಮುಗಿದು ಯಾವ ದಿಕ್ಕಿಗೆ ಹೊರಟರೂ ನೆರಳು ಎದುರಾಗುತ್ತದೆ. ಅದು ಕಾಡೋ ತೋಟವೋ ಎಂಬುದಷ್ಟೇ ತೊಡಕು. ಅಡಿಕೆ ಮರಗಳ ನಡುವೆ ಮಾಲೀಕ ಸಿಕ್ಕರೆ ತೋಟ, ಸಿಗದಿದ್ದರೆ ಕಾಡು.

ನಿಜವಾದ ಕಾಡು ಜೋಗಿಮಟ್ಟಿ. ವನ್ಯಜೀವಿಧಾಮ, ಸಮುದ್ರಮಟ್ಟದಿಂದ 3,800 ಅಡಿ ಆಸುಪಾಸಿನ ಎತ್ತರ. (ಸಮುದ್ರವೇ ಇಲ್ಲದ ಜಿಲ್ಲೆಯಾಗಿದ್ದರೆ ಎಲ್ಲಿಂದ ಅಳೆದರು ಎಂಬುದನ್ನು ವಿರೋಧಿಗಳು ವಿವರಿಸಲಿ.) ಗುಡ್ಡಸಾಲಿನ ನೆತ್ತಿಯಲ್ಲಿ ಗಾಳಿಯಂತ್ರಗಳು ತಿರುಗುತ್ತವೆ, ನವಿಲುಗಳು ಕೂಗುತ್ತವೆ, ಕರಡಿ ಚಿರತೆಗಳೂ ಇವೆ, ನಡೆಯುವವರ ವೇಗದ ಮೇಲೆ ಮುಂದೆ ಅಧ್ಯಯನ ನಡೆದರೆ ಇವುಗಳ ಸಹಕಾರ ಪಡೆಯಬಹುದು. ತುದಿಯವರೆಗೆ ಬಸ್ಸು ಹೋಗುವುದಿಲ್ಲ. ಇಲ್ಲಿಯೇ ನಮ್ಮ ಮೂಲ ಸಿದ್ಧಾಂತ ಹುಟ್ಟುತ್ತದೆ: ಬಸ್ಸು ಇಳಿಸಿದ ಜಾಗಕ್ಕೂ ಕಾಡು ಶುರುವಾಗುವ ಜಾಗಕ್ಕೂ ನಡುವೆ ಆಗುವುದೇ ಕಾಡುನಡಿಗೆ. ಕಾಡೊಳಗೆ ಹೊಕ್ಕ ಮೇಲೆ ಎಲ್ಲರೂ ಕೂತು ಮಂಡಕ್ಕಿ ತಿನ್ನುವುದೇ ಕಂಡುಬಂದಿದೆ.

ಈ ನಡಿಗೆಯನ್ನು ಅಳೆಯಲು ಕಿಲೋಮೀಟರು ಪ್ರಯೋಜನಕ್ಕೆ ಬರುವುದಿಲ್ಲ. ಹಿಂದಿನವರು ಕೂಗಳತೆ, ಹರದಾರಿ ಎಂದು ಲೆಕ್ಕ ಹಾಕುತ್ತಿದ್ದರು. ಈಗ ಬಳಕೆಯಲ್ಲಿರುವ ಮಾನ ‘ಇಲ್ಲೇ’. ದಾರಿಬದಿ ಕುರಿ ಕಾಯುವ ಹಿರಿಯರನ್ನು ‘ಯಜಮಾನ್ರೇ, ಗುಡ್ಡ ಎಷ್ಟು ದೂರ?’ ಎಂದರೆ, ‘ಇಲ್ಲೇ ಐತಲ್ಲ, ನಡ್ರಿ’ ಎನ್ನುತ್ತಾರೆ. ಅರ್ಧ ಗಂಟೆ ನಡೆದು ಇನ್ನೊಬ್ಬರನ್ನು ಕೇಳಿದರೂ ‘ಇಲ್ಲೇ’. ಎಷ್ಟು ಸವೆಸಿದರೂ ಕಡಿಮೆಯಾಗದ ಇಂಥ ಮಾನ ಬೇರೆ ಯಾವ ಶಾಸ್ತ್ರದಲ್ಲೂ ಇಲ್ಲ.

ಕೊನೆಯದಾಗಿ ಕುಟುಂಬಸಮೇತ ನಡಿಗೆಯ ಪ್ರಶ್ನೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಸಾದಾ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ನಮ್ಮ ಕಡೆಯೋ ಖಾಸಗಿ ಬಸ್ಸುಗಳ ಓಡಾಟವೂ ಹೆಚ್ಚು. ಮೊದಲು ಬಂದ ಖಾಸಗಿ ಬಸ್ಸಿಗೆ ಗಂಡ ಹತ್ತುತ್ತಾನೆ. ‘ಪುಕ್ಕಟೆ ಇರೋವಾಗ ನಾನ್ಯಾಕೆ ಕಾಸು ಕೊಡ್ಲಿ, ನೀವು ಹೋಗಿರ್ರಿ’ ಎಂದು ಹೆಂಡತಿ ನಿಲ್ದಾಣದಲ್ಲೇ ಉಳಿಯುತ್ತಾಳೆ. ಗಂಡ ಕಾಡಿನ ಅಂಚಿಗೆ ಬೇಗನೆ ತಲುಪಿದ್ದು ನಿಜ. ಆದರೆ ಬುತ್ತಿಯ ಚೀಲ ಹೆಂಡತಿಯ ಕೈಲಿದೆ. ಹಾಗಿರುವಾಗ ನಡಿಗೆ ಶುರುವಾಯಿತೆಂದು ಯಾವಾಗ ಬರೆದುಕೊಳ್ಳಬೇಕು? ಬುತ್ತಿ ಎಲ್ಲಿದೆಯೋ ಅಲ್ಲಿಂದಲೇ ಲೆಕ್ಕ ಎಂಬ ನಿರ್ಣಯವು, ಹಸಿದ ಗಂಡಂದಿರ ಲಿಖಿತ ಆಕ್ಷೇಪಣೆಯೊಡನೆ, ಅಂಗೀಕೃತವಾಗಿದೆ.